ವಟುವಿನ ಭಿಕ್ಷೆಯೂ ಕಾಲೇಜಿನ ಶುಲ್ಕವೂ



ಗೋದಾವರೀತೀರದ ಪೈಠಣ, ಶಾತವಾಹನರ ಪ್ರತಿಷ್ಠಾನಪುರ, ಶಾಸ್ತ್ರವಿದ್ಯೆಗೆ ಹೆಸರಾದ ಕ್ಷೇತ್ರ. ಅಂದಿನ ಬಡ ವಿದ್ಯಾರ್ಥಿಗೆ ಊರೇ ಅನ್ನವಿಕ್ಕುತ್ತಿತ್ತು. ಈ ಸೀಮೆಯಲ್ಲಿ ಮನೆಮನೆಯ ಮಧುಕರಿ. ಕನ್ನಡನಾಡಿನಲ್ಲಿ ವಾರಾನ್ನ, ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರದು. ಇಂದು ಕಾಲೇಜಿನ ಶುಲ್ಕ, ವಸತಿನಿಲಯದ ವೆಚ್ಚ ಎರಡೂ ತಂದೆ-ತಾಯಿಗಳ ಹೆಗಲ ಮೇಲೆಯೇ ಬಿದ್ದಿವೆ.

ಉಪನಯನಕ್ಕೆ ಎಂಟನೆಯ ವರ್ಷವು ಮುಖ್ಯಕಾಲವೆಂದು ಶಾಸ್ತ್ರ. ಅಂದು ವಟುವಿನ ಭಿಕ್ಷಾಪಾತ್ರೆಗೆ ಬೀಳುವ ಹಣ ಎಷ್ಟೋ ಮನೆಗಳಲ್ಲಿ ಮಂಟಪದ ಬಾಡಿಗೆಗೇ ಸಂದುಹೋಗುತ್ತದೆ. ಆದರೆ ಅದು ವಟುವಿನದಲ್ಲವೇ? ಆ ಹಣದಿಂದಲೇ ಅಂಚೆ ಕಚೇರಿಯಲ್ಲಿ ಅವನ ಹೆಸರಿಗೆ ಪಿ.ಪಿ.ಎಫ್. ಖಾತೆ ತೆರೆಯಬಹುದು. ವರ್ಷಕ್ಕೆ ಕನಿಷ್ಠ 500 ರೂಪಾಯಿ ಕಟ್ಟಬೇಕು. ಅವಧಿ 15 ವರ್ಷವಾದರೂ ಏಳನೆಯ ಆರ್ಥಿಕ ವರ್ಷದಿಂದ ಒಂದು ಭಾಗವನ್ನು ಹಿಂಪಡೆಯಲು ಅವಕಾಶವಿದೆ. ಅಷ್ಟರಲ್ಲಿ ಬಾಲಕನು ಕಾಲೇಜಿನ ಹೊಸ್ತಿಲಿಗೆ ಬಂದಿರುತ್ತಾನೆ.

ಹೆಣ್ಣುಮಗುವಿಗೆ ಹತ್ತು ತುಂಬುವ ಮೊದಲು ಸುಕನ್ಯಾ ಸಮೃದ್ಧಿ ಖಾತೆಯುಂಟು. ಅಲ್ಲದೆ ಮಹಾರಾಷ್ಟ್ರ ಸರ್ಕಾರವು 2024ರಲ್ಲಿ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರದ ಆರ್ಥಿಕ ದುರ್ಬಲ ವರ್ಗದ ವಿದ್ಯಾರ್ಥಿನಿಯರಿಗೂ ವೃತ್ತಿಶಿಕ್ಷಣದ ಬೋಧನಾ ಶುಲ್ಕವನ್ನು ಮನ್ನಾ ಮಾಡಿತು. ಅದಕ್ಕೆ ಬೇಕಾದ ಪ್ರಮಾಣಪತ್ರ ತಹಸೀಲ ಕಚೇರಿಯದು. ಪ್ರವೇಶದ ಗಡಿಬಿಡಿಗೆ ಮೊದಲೇ ಅದನ್ನು ಮಾಡಿಸಿಟ್ಟುಕೊಂಡಿರಬೇಕು.