ದೂರದ ಊರಿನಲ್ಲಿ ನಮ್ಮ ಹಬ್ಬ

(ಕಲಿಕಾ ಕೇಂದ್ರದ ಅಕ್ಕ-ತಂಗಿಯರ ಮುಂದೆ ಆಡಿದ ಮಾತು)



ನಮ್ಮ ಊರಲ್ಲಿ ಹಬ್ಬ ಬಂತು ಅಂತ ಮಕ್ಕಳಿಗೆ ಯಾರಾದರೂ ಹೇಳಬೇಕಾ? ಬೇಡ. ಬೆಳಗಾಗುತ್ತಲೇ ಅವಕ್ಕೆ ಗೊತ್ತಾಗುತ್ತೆ. ಬಾಗಿಲಿಗೆ ತೋರಣ ಇರುತ್ತೆ. ಅಂಗಳದಲ್ಲಿ ರಂಗೋಲಿ ಇರುತ್ತೆ. ಪಕ್ಕದ ಮನೆಯಿಂದ ಒಬ್ಬಟ್ಟಿನ ವಾಸನೆ ಬರುತ್ತೆ. ಶಾಲೆಗೆ ರಜ ಇರುತ್ತೆ. ಊರೇ ಮಕ್ಕಳಿಗೆ ಹಬ್ಬ ಕಲಿಸುತ್ತೆ.

ಆದರೆ ಬೀದಿಯಲ್ಲಿ ಯಾರಿಗೂ ನಮ್ಮ ಹಬ್ಬ ಗೊತ್ತಿಲ್ಲ ಅಂದರೆ? ಆಗ ಮಕ್ಕಳಿಗೆ ಯಾರು ಕಲಿಸಬೇಕು? ಇವತ್ತು ಅದನ್ನು ಹೇಳ್ತೀನಿ.

2024ರಲ್ಲಿ ನಾನು ಅಮೆರಿಕ ದೇಶಕ್ಕೆ ಹೋಗಿದ್ದೆ. ಅಲ್ಲಿ ನ್ಯೂಜೆರ್ಸಿ ಅಂತ ಒಂದು ರಾಜ್ಯ. ನನ್ನ ಮಗಳು, ಅಳಿಯ ಅಲ್ಲೇ ಇದ್ದಾರೆ. ಇಬ್ಬರೂ ಕೆಲಸಕ್ಕೆ ಹೋಗ್ತಾರೆ. ಇಬ್ಬರು ಮಕ್ಕಳು. ಮೊಮ್ಮಗಳಿಗೆ ಆರು ವರ್ಷ. ಮೊಮ್ಮಗನಿಗೆ ಮೂರು.

ಅಲ್ಲಿ ಸೆಪ್ಟೆಂಬರಿನಿಂದ ನವೆಂಬರ್ ತನಕ ಎಲೆ ಉದುರುವ ಕಾಲ. ಬಿಸಿಲು ಕಡಿಮೆಯಾದ ಹಾಗೆ ಎಲೆಯ ಹಸಿರು ಮಾಯವಾಗುತ್ತೆ. ಒಳಗೆ ಅಡಗಿದ್ದ ಹಳದಿ ಮೇಲೆ ಬರುತ್ತೆ. ಮೇಪಲ್ ಅನ್ನೋ ಮರ ಬೆಂಕಿ ಹತ್ತಿದ ಹಾಗೆ ಕೆಂಪಾಗುತ್ತೆ. ಆಮೇಲೆ ಎಲ್ಲ ಉದುರಿ ಮರ ಬೋಳು. ನವೆಂಬರಿನಲ್ಲಿ ಸಂಜೆ ಐದಕ್ಕೇ ಕತ್ತಲು. ನಮ್ಮ ದಸರಾ, ದೀಪಾವಳಿ ಬರೋದು ಈ ಕಾಲದಲ್ಲೇ.

ಮೊದಲು ದಸರಾ ಬಂತು. ನಾವು ಮೈಸೂರು ಸೀಮೆಯವರು. ನಮಗೆ ಗೊಂಬೆ ಕೂರಿಸೋ ಪದ್ಧತಿ. ಪೆಟ್ಟಿಗೆಯಲ್ಲಿ ಪಟ್ಟದ ಗೊಂಬೆ ಎರಡನ್ನು ತಗೊಂಡು ಹೋಗಿದ್ದೆ. ರಾಜ ಒಂದು, ರಾಣಿ ಒಂದು. ಮರದ್ದು. ಎರಡು ಗೊಂಬೆಗೆ ಮೆಟ್ಟಿಲು ತುಂಬುತ್ತಾ? ಮೊಮ್ಮಗ ತನ್ನ ಆಟದ ಕಾರು ತಂದಿಟ್ಟ. ಮೊಮ್ಮಗಳು ಕರಡಿ ಗೊಂಬೆ ತಂದಳು. ರಾಜ ರಾಣಿಯ ಪಕ್ಕ ಕರಡಿ ಕೂತಿತು. ಚೆನ್ನಾಗೇ ಕಾಣ್ತಿತ್ತು.

ಅಳಿಯ ಧಾರವಾಡದ ಕಡೆಯವರು. ಅವರಿಗೆ ವಿಜಯದಶಮಿ ಅಂದರೆ ಬನ್ನಿ. ಬನ್ನಿ ಎಲೆ ಕೊಟ್ಟು, ಬಂಗಾರದ ಹಾಗೆ ಇರೋಣ ಅಂತಾರೆ. ಅಲ್ಲಿ ಬನ್ನಿ ಮರ ಎಲ್ಲಿ ಬರಬೇಕು? ಮಕ್ಕಳನ್ನು ಹೊರಗೆ ಕರಕೊಂಡು ಹೋದರು. ಹಳದಿಯಾದ ಎಲೆ ಆರಿಸಿಕೊಂಡು ಬಂದರು. "ಇದೇ ಈ ಊರಿನ ಬಂಗಾರ" ಅಂತ ಮಕ್ಕಳ ಕೈಗೆ ಕೊಟ್ಟರು. ಮಕ್ಕಳು ನನ್ನ ಕಾಲಿಗೆ ಬಿದ್ದು ನನಗೂ ಒಂದು ಎಲೆ ಕೊಟ್ಟರು.

ಆದರೆ ಆ ವಾರವೆಲ್ಲ ಮೊಮ್ಮಗಳು ಶಾಲೆಗೆ ಹೋಗಬೇಕಾಗಿತ್ತು. ಆಗ ಅವಳು ಒಂದು ಮಾತು ಕೇಳಿದಳು. "ಅಜ್ಜಿ, ನಮ್ಮ ಹಬ್ಬಕ್ಕೆ ಯಾಕೆ ರಜ ಇಲ್ಲ? ನಮ್ಮದು ನಿಜವಾದ ಹಬ್ಬ ಅಲ್ವಾ?"

ನೋಡಿ, ಆರು ವರ್ಷದ ಮಗು ಕೇಳಿದ ಪ್ರಶ್ನೆ. ಶಾಲೆಯ ಗೋಡೆ ಮೇಲೆ ಎಲ್ಲರ ಹಬ್ಬದ ಚಿತ್ರ ಇದೆ. ತನ್ನದು ಇಲ್ಲ. ಆಗ ಮಗುವಿಗೆ ತನ್ನ ಮನೆ ಬಗ್ಗೆಯೇ ಸಂಕೋಚ ಶುರುವಾಗುತ್ತೆ. ಡಬ್ಬಿಯಲ್ಲಿ ಚಿತ್ರಾನ್ನ ಬೇಡ ಅನ್ನುತ್ತೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತೆ. ಕೊನೆಗೆ ಅಜ್ಜಿಗೂ ಮೊಮ್ಮಗುವಿಗೂ ನಡುವೆ ಮಾತೇ ಉಳಿಯೋದಿಲ್ಲ. ಇದು ಸಣ್ಣ ನಷ್ಟವಾ?

ನಾನು, ನನ್ನ ಮಗಳು ಕೂತು ಯೋಚನೆ ಮಾಡಿದೆವು. ಅಲ್ಲಿಯವರ ಹಬ್ಬಗಳು ಎಲ್ಲಿಂದ ಬಂದವು ಅಂತ ಮಗುವಿಗೆ ಹೇಳಿದೆವು. ನಿಮಗೂ ಹೇಳ್ತೀನಿ, ಕೇಳಿ.

ಅಕ್ಟೋಬರ್ 31ಕ್ಕೆ ಅಲ್ಲಿ ಹ್ಯಾಲೋವೀನ್ ಅಂತ ಹಬ್ಬ. ಮಕ್ಕಳು ದೆವ್ವದ ವೇಷ, ರಾಜನ ವೇಷ ಹಾಕ್ಕೊಂಡು ಮನೆ ಮನೆಗೆ ಹೋಗಿ ಮಿಠಾಯಿ ಕೇಳ್ತಾರೆ. ದೊಡ್ಡ ಕುಂಬಳಕಾಯಿ ಕೊರೆದು, ಕಣ್ಣು ಬಾಯಿ ಮಾಡಿ, ಒಳಗೆ ದೀಪ ಇಡ್ತಾರೆ. ಆಯುಧಪೂಜೆಗೆ ನಾವು ಕುಂಬಳಕಾಯಿ ಒಡೀತೀವಿ. ಅವರು ದೀಪ ಹಚ್ಚುತಾರೆ.

ಈ ಹಬ್ಬದ ಬೇರು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯದು. 1845ರಿಂದ ಕೆಲವು ವರ್ಷ ಐರ್ಲೆಂಡಿನಲ್ಲಿ ಆಲೂಗಡ್ಡೆಗೆ ರೋಗ ಬಂತು. ಭೀಕರ ಬರ ಬಿತ್ತು. ಲಕ್ಷ ಲಕ್ಷ ಜನ ಹಡಗು ಹತ್ತಿ ಅಮೆರಿಕಕ್ಕೆ ಬಂದರು. ತಮ್ಮ ಹಬ್ಬವನ್ನೂ ತಂದರು. ತಮ್ಮ ಊರಲ್ಲಿ ಅವರು ಟರ್ನಿಪ್ ಅನ್ನೋ ಗಡ್ಡೆ ಕೊರೀತಿದ್ದರು. ಅಮೆರಿಕದಲ್ಲಿ ಕುಂಬಳಕಾಯಿ ಸಿಕ್ಕಿತು. ಅದನ್ನೇ ಕೊರೆದರು. ನಮ್ಮ ಅಳಿಯ ಬನ್ನಿಗೆ ಬದಲು ಬೇರೆ ಎಲೆ ತಂದ ಹಾಗೆ!

ನವೆಂಬರಿನ ನಾಲ್ಕನೇ ಗುರುವಾರ ಇನ್ನೊಂದು ಹಬ್ಬ. ಥ್ಯಾಂಕ್ಸ್‌ಗಿವಿಂಗ್ ಅಂತಾರೆ. ಉಪಕಾರ ನೆನೆಯುವ ಹಬ್ಬ. 1620ರಲ್ಲಿ ಇಂಗ್ಲೆಂಡಿನಿಂದ ಬಂದ ಕೆಲವರು ಪ್ಲಿಮತ್ ಅನ್ನೋ ಕಡೆ ನೆಲೆಸಿದರು. ಮೊದಲ ಚಳಿಗಾಲದಲ್ಲೇ ಅರ್ಧದಷ್ಟು ಜನ ಸತ್ತರು. ಮೆಕ್ಕೆಜೋಳ ಬೆಳೆಯೋದನ್ನು ಅಲ್ಲಿಯ ಮೂಲ ನಿವಾಸಿಗಳು ಅವರಿಗೆ ಕಲಿಸಿದರು. 1621ರಲ್ಲಿ ಬೆಳೆ ಬಂದಾಗ ಎರಡೂ ಕಡೆಯವರು ಕೂಡಿ ಊಟ ಮಾಡಿದರು. ಮುಂದೆ ಆ ಮೂಲ ನಿವಾಸಿಗಳು ತಮ್ಮ ನೆಲ ಕಳಕೊಂಡರು. ಅದಕ್ಕೆ ಅವರಲ್ಲಿ ಹಲವರು ಈ ದಿನವನ್ನು ದುಃಖದ ದಿನ ಅಂತಾರೆ. ಮಕ್ಕಳಿಗೆ ಈ ಮಾತನ್ನೂ ಹೇಳಬೇಕು.

ಈ ಹಬ್ಬ ಮೊದಲು ಒಂದೊಂದು ರಾಜ್ಯದಲ್ಲಿ ಒಂದೊಂದು ದಿನ ನಡೀತಿತ್ತು. ಇಡೀ ದೇಶಕ್ಕೆ ಒಂದೇ ದಿನ ಆಗೋ ಹಾಗೆ ಮಾಡಿದ್ದು ಒಬ್ಬ ಹೆಣ್ಣುಮಗಳು. ಹೆಸರು ಸಾರಾ ಜೊಸೆಫಾ ಹೇಲ್. 1822ರಲ್ಲಿ ಗಂಡ ತೀರಿಕೊಂಡರು. ಐದು ಮಕ್ಕಳು. ಬರೆಯೋದರಿಂದಲೇ ಆಕೆ ಮಕ್ಕಳನ್ನು ಸಾಕಿದಳು. ಹೆಂಗಸರ ಪತ್ರಿಕೆಗೆ ಸಂಪಾದಕಿಯಾದಳು. ದೇಶಕ್ಕೆಲ್ಲ ಒಂದೇ ಹಬ್ಬ ಬೇಕು ಅಂತ ಹತ್ತು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ದೊಡ್ಡವರಿಗೆಲ್ಲ ಕಾಗದ ಬರೆದಳು. ಕೊನೆಗೆ 1863ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಒಪ್ಪಿ ಆಜ್ಞೆ ಹೊರಡಿಸಿದರು. ಆಗ ಆಕೆಗೆ ಎಪ್ಪತ್ತು ದಾಟಿತ್ತು. ಕಾಗದದ ಶಕ್ತಿ ನೋಡಿ!

ನಮ್ಮ ದೀಪಾವಳಿಯ ಕಥೆಯೂ ಹೀಗೇ. 1965ರಲ್ಲಿ ಅಮೆರಿಕದ ಕಾನೂನು ಬದಲಾಯಿತು. ಆಮೇಲೆ ನಮ್ಮ ದೇಶದಿಂದ ಹೆಚ್ಚು ಜನ ಅಲ್ಲಿಗೆ ಹೋದರು. ದೀಪಾವಳಿಗೆ ಒಂದು ಅಂಚೆಚೀಟಿ ಬೇಕು ಅಂತ ರಂಜು ಬಾತ್ರಾ ಅನ್ನೋ ಹೆಣ್ಣುಮಗಳು ವರ್ಷಗಟ್ಟಲೆ ಸಹಿ ಸಂಗ್ರಹಿಸಿದರು. 2016ರಲ್ಲಿ ಚೀಟಿ ಬಂತು. ಚೀಟಿ ಮೇಲೆ ಉರಿಯುವ ಹಣತೆಯ ಚಿತ್ರ. ನ್ಯೂಯಾರ್ಕ್ ನಗರದ ಸರಕಾರಿ ಶಾಲೆಗಳಿಗೆ ರಜ ಕೊಡಬೇಕು ಅಂತ ಜೆನಿಫರ್ ರಾಜಕುಮಾರ್ ಅನ್ನೋ ಶಾಸಕಿ ದುಡಿದರು. 2023ರಲ್ಲಿ ಕಾನೂನಾಯಿತು. 2024ರ ನವೆಂಬರ್ 1ರಂದು ಅಲ್ಲಿನ ಮಕ್ಕಳಿಗೆ ದೀಪಾವಳಿಯ ಮೊದಲ ರಜ ಸಿಕ್ಕಿತು.

ಸಹಿ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಹೆಬ್ಬೆಟ್ಟು ಬಿಟ್ಟು ಪೆನ್ನು ಹಿಡಿದವರು ನೀವು.

ನನ್ನ ಮೊಮ್ಮಗಳ ಶಾಲೆ ಇರೋದು ಬೇರೆ ರಾಜ್ಯದ ಸಣ್ಣ ಊರಲ್ಲಿ. ಅಲ್ಲಿ ರಜ ಇಲ್ಲ. ಆಗ ನನ್ನ ಮಗಳು ಟೀಚರಿಗೆ ಒಂದು ಕಾಗದ ಬರೆದಳು. ನಮ್ಮ ಹಬ್ಬದ ಬಗ್ಗೆ ಮಕ್ಕಳಿಗೆ ಹತ್ತು ನಿಮಿಷ ಹೇಳಲಾ ಅಂತ ಕೇಳಿದಳು. ಟೀಚರ್ ಸಂತೋಷದಿಂದ ಒಪ್ಪಿದರು. ಮಗಳು ಹಣತೆ ತೋರಿಸಿದಳು. ಬೆಂಕಿಯ ಭಯಕ್ಕೆ ಹಚ್ಚೋ ಹಾಗಿರಲಿಲ್ಲ. ಕಾಗದದ ಮೇಲೆ ಚುಕ್ಕಿ ಇಟ್ಟು ರಂಗೋಲಿ ಹಾಕಿಸಿದಳು. ತರಗತಿಯ ಗೋಡೆಗೆ ರಂಗೋಲಿ ಏರಿತು.

ಆ ವರ್ಷ ನರಕ ಚತುರ್ದಶಿ, ಹ್ಯಾಲೋವೀನ್ ಎರಡೂ ಅಕ್ಟೋಬರ್ 31ಕ್ಕೇ ಬಿದ್ದವು. ಬೆಳಿಗ್ಗೆ ಮಕ್ಕಳಿಗೆ ಎಣ್ಣೆ ನೀರು ಹಾಕಿದೆ. ಸಂಜೆ ಬಾಗಿಲ ಒಂದು ಕಡೆ ಹಣತೆ ಸಾಲು, ಇನ್ನೊಂದು ಕಡೆ ಕುಂಬಳಕಾಯಿ ದೀಪ. ವೇಷ ಹಾಕಿದ ಮಕ್ಕಳು ಬಂದರು. ನಾನು ಕೊಬ್ಬರಿ ಮಿಠಾಯಿ ಮಾಡಿದ್ದೆ. ಮಗಳು ಬೇಡ ಅಂದಳು. ಕೆಲವು ಮಕ್ಕಳಿಗೆ ಕಡಲೇಬೀಜ, ಗೋಡಂಬಿ ಆಗೋದಿಲ್ಲ. ಅದಕ್ಕೇ ಅಲ್ಲಿ ಪೊಟ್ಟಣದ ಮಿಠಾಯಿಯನ್ನೇ ಕೊಡೋದು. ಸರಿ, ಪೊಟ್ಟಣವೇ ಕೊಟ್ಟೆವು. ಒಬ್ಬ ಹುಡುಗ ಹಣತೆ ತೋರಿಸಿ ಇದೇನು ಅಂತ ಕೇಳಿದ. ನನ್ನ ಮೊಮ್ಮಗಳು ಮುಂದೆ ಬಂದು ತಾನೇ ಹೇಳಿದಳು. ಸಂಕೋಚ ಇರಲಿಲ್ಲ.

ಶನಿವಾರ ಕನ್ನಡ ಕೂಟದವರು ಸೇರಿದ್ದರು. ದೀಪಾವಳಿ, ರಾಜ್ಯೋತ್ಸವ ಎರಡನ್ನೂ ಕೂಡಿಸಿ ಮಾಡಿದರು. ಕೂಟದವರು ವಾರಕ್ಕೊಮ್ಮೆ ಮಕ್ಕಳಿಗೆ ಕನ್ನಡ ಕಲಿಸ್ತಾರೆ. ಮೊಮ್ಮಗಳೂ ಹೋಗ್ತಾಳೆ. ನಿಮ್ಮ ಹಾಗೇ ಅ, ಆ ದಿಂದ ಶುರು ಮಾಡಿದ್ದಾಳೆ. ಒತ್ತಕ್ಷರ ಅವಳಿಗೂ ಕಷ್ಟ.

ಥ್ಯಾಂಕ್ಸ್‌ಗಿವಿಂಗ್ ಬಂತು. ಯಾರನ್ನು ನೆನೆಯುತ್ತೀರಿ, ಕಾಗದದಲ್ಲಿ ಬರೆಯಿರಿ ಅಂತ ಟೀಚರ್ ಮಕ್ಕಳಿಗೆ ಹೇಳಿದ್ದರು. ಅವಳು ಕನ್ನಡದಲ್ಲಿ ಬರೆದಿದ್ದಳು. "ಅಜಿ" ಅಂತ. ಜ ಕೆಳಗೆ ಒತ್ತು ಇರಲಿಲ್ಲ. ನನಗೆ ಅಷ್ಟೇ ಸಾಕಾಯಿತು.

ಅಕ್ಕಂದಿರೇ, ನಿಮ್ಮಲ್ಲೂ ಎಷ್ಟೋ ಜನರ ಮಕ್ಕಳು ಊರು ಬಿಟ್ಟಿದ್ದಾರೆ. ಬೆಂಗಳೂರು, ಮುಂಬಯಿ, ದುಬೈ ಅಂತ ಹೋಗಿದ್ದಾರೆ. ಫೋನಿನಲ್ಲಿ ಮುಖ ನೋಡ್ತೀರಿ, ಮಾತಾಡ್ತೀರಿ. ಒಳ್ಳೆಯದೇ. ಆದರೆ ಆಡಿದ ಮಾತು ಮರೆತು ಹೋಗುತ್ತೆ. ಬರೆದದ್ದು ಪೆಟ್ಟಿಗೆಯಲ್ಲಿ ಉಳಿಯುತ್ತೆ. ನಿಮ್ಮ ಮನೆಯಲ್ಲಿ ಹಬ್ಬ ಹೇಗೆ ಮಾಡ್ತೀರಿ, ನಿಮ್ಮ ಅವ್ವ ಹೇಗೆ ಮಾಡ್ತಿದ್ದರು, ಯಾವ ಅಡುಗೆ, ಯಾವ ಕಥೆ? ಇದು ಯಾವ ಪುಸ್ತಕದಲ್ಲೂ ಇಲ್ಲ. ನಿಮಗೆ ಮಾತ್ರ ಗೊತ್ತು.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಒಂದು ಹಬ್ಬದ ಬಗ್ಗೆ ನಾಲ್ಕು ಸಾಲು ಬರೆಯಿರಿ. ಒತ್ತು ತಪ್ಪಿದರೆ ತಪ್ಪಲಿ, ತಿದ್ದಿಕೊಳ್ಳೋಣ. ಕೆಳಗೆ ನಿಮ್ಮ ಹೆಸರು ಹಾಕಿ. ಮುಂದಿನ ಸೋಮವಾರ ಇಲ್ಲಿಗೆ ತನ್ನಿ. ಒಬ್ಬೊಬ್ಬರದನ್ನೇ ಓದೋಣ. ಆಮೇಲೆ ಅಂಚೆಗೆ ಹಾಕೋಣ.