ಮನೆ ಸಾಲದ ಲೆಕ್ಕ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳ್ತಾರೆ. ಎರಡಕ್ಕೂ ದುಡ್ಡು ಬೇಕು. ಕೈಯಲ್ಲಿ ದುಡ್ಡಿಲ್ಲದಿದ್ದರೆ ಸಾಲ ಬೇಕು. ಈ ದಿನ ನಾವು ಮನೆ ಸಾಲದ ಬಗ್ಗೆ ಮಾತಾಡೋಣ. ಸಾಲ ಮಾಡಿ ಅಂತ ನಾವು ಹೇಳುವುದಿಲ್ಲ. ಮಾಡಬೇಡಿ ಅಂತಲೂ ಹೇಳುವುದಿಲ್ಲ. ಯಾವ ಸಾಲ ಅಗ್ಗ, ಯಾವುದು ದುಬಾರಿ, ನೀವೇ ಲೆಕ್ಕ ಹಾಕಿ ನೋಡಿ. ಕೂಡುವುದು, ಕಳೆಯುವುದು, ಗುಣಿಸುವುದು ಈಗ ನಿಮಗೆ ಬರುತ್ತದೆ. ಅಷ್ಟು ಸಾಕು. ಸ್ಲೇಟು, ಬಳಪ ತಗೊಳ್ಳಿ.

ಸಹಾಯಧನ ಬೇರೆ, ಸಾಲ ಬೇರೆ. ಸಹಾಯಧನವನ್ನು ತಿರುಗಿ ಕೊಡಬೇಕಾಗಿಲ್ಲ. ಸಾಲವನ್ನು ಬಡ್ಡಿ ಸಮೇತ ತಿರುಗಿ ಕೊಡಬೇಕು. ಆದ್ದರಿಂದ ಮೊದಲು ಸಹಾಯಧನ ಕೇಳಬೇಕು. ಹಳ್ಳಿಯಲ್ಲಿ ಮನೆ ಇಲ್ಲದವರಿಗೆ, ಕಚ್ಚಾ ಮನೆಯಲ್ಲಿ ಇರುವವರಿಗೆ ಪ್ರಧಾನಮಂತ್ರಿ ಆವಾಸ್ ಯೋಜನೆ ಇದೆ. ಬಯಲು ಪ್ರದೇಶದಲ್ಲಿ ಈ ಯೋಜನೆಯ ಸಹಾಯಧನ ಮನೆಗೆ 1,20,000 ರೂಪಾಯಿ. ನಮ್ಮ ರಾಜ್ಯದ ಬಸವ ವಸತಿ ಯೋಜನೆ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ ಯೋಜನೆಗಳೂ ಇವೆ. ಯಾರಿಗೆ ಮನೆ ಅನ್ನುವ ಮಾತು ಗ್ರಾಮಸಭೆಯಲ್ಲಿ ಬರುತ್ತದೆ. ಗಂಡಸರು ಹೋಗಿ ಬರಲಿ ಅಂತ ಮನೆಯಲ್ಲಿ ಕೂರಬೇಡಿ. ನೀವೂ ಹೋಗಿ. ದುಡ್ಡು ಒಂದೇ ಸಲ ಬರುವುದಿಲ್ಲ. ಕೆಲಸ ಮೇಲೇಳುತ್ತಾ ಹೋದ ಹಾಗೆ ಕಂತುಕಂತಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. "ಮನೆ ಮಾಡಿಸಿಕೊಡ್ತೀನಿ, ಇಷ್ಟು ಕೊಡಿ" ಅಂತ ಯಾರಾದರೂ ಬಂದರೆ ಬಿಡಿಗಾಸೂ ಕೊಡಬೇಡಿ.

ಪಟ್ಟಣದಲ್ಲಿ ಇರುವವರಿಗೆ ಬೇರೆ ಯೋಜನೆ ಇದೆ. ಮನೆ ಕೊಳ್ಳಲು, ಕಟ್ಟಲು ಬ್ಯಾಂಕ್ ಸಾಲ ತಂದರೆ ಬಡ್ಡಿಗೆ ಸರ್ಕಾರ ಸಹಾಯ ಕೊಡುತ್ತದೆ. ಇದು 2024ರಲ್ಲಿ ಬಂದ ಯೋಜನೆ. ಕುಟುಂಬದ ವರ್ಷದ ಆದಾಯ 9 ಲಕ್ಷದ ಒಳಗೆ ಇರಬೇಕು. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಹೆಚ್ಚೆಂದರೆ 1,80,000 ರೂಪಾಯಿ ಸಿಗುತ್ತದೆ. ಅದೂ ಐದು ಕಂತಿನಲ್ಲಿ.

ಸಹಾಯಧನ ಒಂದರಲ್ಲೇ ಮನೆ ಮುಗಿಯುವುದು ಕಷ್ಟ. ಸಿಮೆಂಟು, ಕಬ್ಬಿಣ, ಗಾರೆಯವರ ಕೂಲಿ, ಎಲ್ಲಾ ಎಷ್ಟು ಅಂತ ನಿಮಗೇ ಗೊತ್ತು. ಗೋಡೆ ಎದ್ದು, ಮೇಲೆ ಸೂರಿಲ್ಲದೆ ನಿಂತ ಮನೆಗಳನ್ನು ನಾವೂ ನೋಡಿದ್ದೀವಿ, ನೀವೂ ನೋಡಿದ್ದೀರಿ. ಮಳೆಗಾಲ ಹತ್ತಿರ ಬರುತ್ತದೆ. ಆಗ ಸಾಲಕ್ಕೆ ಓಡ್ತೀವಿ. ಯಾರು ಮೊದಲು ಕೊಡ್ತಾರೋ ಅವರಿಂದ ತರ್ತೀವಿ. ತೊಂದರೆ ಅಲ್ಲೇ ಶುರು.

ಊರಿನ ಸಾಹುಕಾರ ನೂರಕ್ಕೆ ಮೂರು ಬಡ್ಡಿ ಅಂತಾನೆ. ಬ್ಯಾಂಕಿನ ದರ ಏರುತ್ತದೆ, ಇಳಿಯುತ್ತದೆ. ಲೆಕ್ಕಕ್ಕೆ ಒಂಬತ್ತು ಅಂತ ಹಿಡಿಯೋಣ. ಮೂರು ಕಮ್ಮಿ ಅಲ್ವಾ ಅಂತ ಅನ್ನಿಸುತ್ತದೆ. ಆದರೆ ಸಾಹುಕಾರ ಹೇಳುವುದು ತಿಂಗಳ ಬಡ್ಡಿ. ಬ್ಯಾಂಕು ಹೇಳುವುದು ವರ್ಷದ ಬಡ್ಡಿ. ಮೂರನ್ನು ಹನ್ನೆರಡರಿಂದ ಗುಣಿಸಿ. 36 ಬಂತು. ಈಗ ಹೇಳಿ, ಯಾವುದು ಕಮ್ಮಿ?

ಇನ್ನೊಂದು ಲೆಕ್ಕ ನೋಡಿ. ಇದು ಸ್ವಲ್ಪ ಕಷ್ಟ, ನಿಧಾನವಾಗಿ ಓದಿ. ಅಕ್ಕ ಒಬ್ಬಳು, ತಂಗಿ ಒಬ್ಬಳು ಅಂದುಕೊಳ್ಳಿ. ಇಬ್ಬರೂ 2 ಲಕ್ಷ ಸಾಲ ತಂದರು. ಇಬ್ಬರದೂ ಐದು ವರ್ಷದ ಸಾಲ. ಇಬ್ಬರಿಗೂ ವರ್ಷಕ್ಕೆ ನೂರಕ್ಕೆ ಹತ್ತು ಬಡ್ಡಿ. ಅಕ್ಕ ತಂದದ್ದು ಫ್ಲಾಟ್ ಬಡ್ಡಿಯ ಸಾಲ. ಅಂದರೆ ಎಷ್ಟೇ ಅಸಲು ತೀರಿಸಿದರೂ ಬಡ್ಡಿ ಮಾತ್ರ ಪೂರ್ತಿ 2 ಲಕ್ಷದ ಮೇಲೇ. ವರ್ಷಕ್ಕೆ 20,000. ಐದು ವರ್ಷಕ್ಕೆ 1,00,000. ಅವಳ ಕಂತು ತಿಂಗಳಿಗೆ 5,000. ತಂಗಿ ತಂದದ್ದು ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಸಾಲ. ಅವಳ ಕಂತು ತಿಂಗಳಿಗೆ ಸುಮಾರು 4,250. ಐದು ವರ್ಷಕ್ಕೆ ಬಡ್ಡಿ ಸುಮಾರು 55,000. ಹತ್ತು ಅಂದರೆ ಇಬ್ಬರಿಗೂ ಹತ್ತೇ. ಆದರೂ ಅಕ್ಕನಿಗೆ 45,000 ರೂಪಾಯಿ ಜಾಸ್ತಿ ಬಿತ್ತು. ಸಾಲ ಕೊಡುವವರನ್ನು ಕೇಳಿ: "ಬಡ್ಡಿ ಪೂರ್ತಿ ಸಾಲದ ಮೇಲೋ, ಉಳಿದ ಅಸಲಿನ ಮೇಲೋ?"

ಕಂತು ಚಿಕ್ಕದಿದ್ದರೆ ಹಗುರ ಅನ್ನಿಸುತ್ತದೆ. ಅದಕ್ಕೂ ಲೆಕ್ಕ ಇದೆ. 5 ಲಕ್ಷ ಸಾಲ, ಒಂಬತ್ತು ಬಡ್ಡಿ ಅಂತ ಇಟ್ಟುಕೊಳ್ಳಿ. ಹತ್ತು ವರ್ಷಕ್ಕಾದರೆ ತಿಂಗಳ ಕಂತು ಸುಮಾರು 6,330. ಒಟ್ಟು ಬಡ್ಡಿ 2 ಲಕ್ಷ 60 ಸಾವಿರ. ಇಪ್ಪತ್ತು ವರ್ಷಕ್ಕಾದರೆ ಕಂತು ಸುಮಾರು 4,500. ಒಟ್ಟು ಬಡ್ಡಿ 5 ಲಕ್ಷ 80 ಸಾವಿರ! ಅಸಲಿಗಿಂತ ಬಡ್ಡಿಯೇ ಜಾಸ್ತಿ. ಮೊದಲ ತಿಂಗಳು ಕಟ್ಟಿದ 4,500ರಲ್ಲಿ 3,750 ಬಡ್ಡಿಗೇ ಹೋಗುತ್ತದೆ. ಅಸಲಿಗೆ ಹೋಗುವುದು 750.

ಹಾಗಂತ ಕೂಲಿ ಮಾಡುವವರು ದೊಡ್ಡ ಕಂತು ಒಪ್ಪಿಕೊಂಡು ಒದ್ದಾಡಬೇಕೇ? ಬೇಡ. ಕಟ್ಟಲು ಆಗುವಷ್ಟೇ ಕಂತು ಇರಲಿ. ಸುಗ್ಗಿ ದುಡ್ಡು, ಚೀಟಿ ದುಡ್ಡು ಬಂದಾಗ ಸ್ವಲ್ಪ ಅಸಲಿಗೆ ಕಟ್ಟಿ. ಏರಿಳಿಯುವ ಬಡ್ಡಿಯ ಮನೆ ಸಾಲವನ್ನು ಮೊದಲೇ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ.

ಈಗಾಗಲೇ ಮನೆ ಇರುವವರಿಗೆ ಎರಡು ಮಾತು. ಹೆಂಚು ಬದಲಿಸಲು, ಕೋಣೆ ಕಟ್ಟಲು ಬ್ಯಾಂಕಿನಲ್ಲಿ ದುರಸ್ತಿ ಸಾಲ ಅಂತಲೇ ಇದೆ. ಮದುವೆಗೆ, ವ್ಯಾಪಾರಕ್ಕೆ ಮನೆಪತ್ರ ಅಡವಿಟ್ಟು ತರುವ ಸಾಲ ಬೇರೆ. ಸಾಮಾನ್ಯವಾಗಿ ಅದರ ಬಡ್ಡಿ ಜಾಸ್ತಿ. ಎರಡರ ದರವನ್ನೂ ಕೇಳಿ. ಅಡವಿಟ್ಟ ಮನೆಯ ಕಂತು ನಿಂತುಹೋದರೆ ಬ್ಯಾಂಕು 60 ದಿನದ ನೋಟೀಸು ಕೊಡುತ್ತದೆ. ಆಮೇಲೂ ಕಟ್ಟದಿದ್ದರೆ ಮನೆ ಹರಾಜಿಗೆ ಬರಬಹುದು. 2002ರ ಕಾನೂನು ಹಾಗಿದೆ. ಆದ್ದರಿಂದ ನೋಟೀಸು ಬಂದರೆ ಟ್ರಂಕಿನಲ್ಲಿ ಮುಚ್ಚಿಡಬೇಡಿ. ಅವತ್ತೇ ಬ್ಯಾಂಕಿಗೆ ಹೋಗಿ ಮಾತಾಡಿ.

"ಇಲ್ಲೊಂದು ಸಹಿ ಹಾಕು" ಅಂತ ಮನೆಯವರು ಕಾಗದ ಮುಂದೆ ಇಡ್ತಾರೆ. ನಮಗೆ ಈಗ ಸಹಿ ಬರುತ್ತದೆ, ಖುಷಿಯಿಂದ ಹಾಕಿಬಿಡ್ತೀವಿ. ಜಂಟಿ ಸಾಲಕ್ಕೆ ಸಹಿ ಹಾಕಿದರೆ ಪೂರ್ತಿ ಸಾಲ ನಮ್ಮ ತಲೆಗೂ ಬರುತ್ತದೆ. ಗಂಡ ಕಟ್ಟದಿದ್ದರೆ ಹೆಂಡತಿಯನ್ನೇ ಕೇಳ್ತಾರೆ. ಓದದೆ ಹಾಕಿದ ಸಹಿಗೂ ಹೆಬ್ಬೆಟ್ಟಿಗೂ ಏನು ವ್ಯತ್ಯಾಸ?

ಓದಲು ಒಂದು ಕಾಗದ ಇದೆ. ಸಾಲ ಕೊಡುವ ಮೊದಲು ಬ್ಯಾಂಕು, ಫೈನಾನ್ಸ್ ಕಂಪನಿಯವರು ಅದನ್ನು ಕೊಡಲೇಬೇಕು. ಅದರ ಹೆಸರು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್. ಸಾಲದ ಮುಖ್ಯ ವಿವರಗಳ ಪಟ್ಟಿ ಅದು. ಸಾಲ ಎಷ್ಟು, ಕಂತು ಎಷ್ಟು, ಶುಲ್ಕ, ವಿಮೆ ಎಷ್ಟು, ಎಲ್ಲ ಖರ್ಚು ಸೇರಿಸಿ ವರ್ಷದ ದರ ಎಷ್ಟು, ಎಲ್ಲಾ ಅದರಲ್ಲಿ ಇರುತ್ತದೆ. 2024ರ ಅಕ್ಟೋಬರ್‌ನಿಂದ ಈ ನಿಯಮ ಇದೆ. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ಅದು ಇರಬೇಕು. ಅವರು ಇಂಗ್ಲಿಷಿನದು ಕೊಟ್ಟರೆ "ಕನ್ನಡದ್ದು ಕೊಡಿ ಸಾರ್" ಅನ್ನಿ. ನಾಚಿಕೆ ಬೇಡ. ಯೋಚಿಸಲು ಕಡಿಮೆ ಅಂದರೆ ಮೂರು ಕೆಲಸದ ದಿನ ಕೊಡಬೇಕು. "ಇವತ್ತೇ ಸಹಿ ಹಾಕಿ" ಅನ್ನುವವರ ಹತ್ತಿರ ನಾವಾದರೆ ಸಾಲ ತರುವುದಿಲ್ಲ. ಎರಡು ಕಡೆಯ ಪಟ್ಟಿ ತನ್ನಿ. ಇಲ್ಲಿ ದೀಪದ ಕೆಳಗೆ ಕೂತು ಪಕ್ಕಪಕ್ಕ ಇಟ್ಟು ಓದೋಣ.

ಸಾಲ ತೀರಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಬ್ಯಾಂಕು 30 ದಿನದ ಒಳಗೆ ಮೂಲ ಮನೆಪತ್ರ ವಾಪಸು ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಪತ್ರ ಕೈಗೆ ಬಂದಾಗ ಹಾಳೆಗಳನ್ನು ಎಣಿಸಿ. ಕೊಟ್ಟ ದಿನ ಎಷ್ಟು ಹಾಳೆ ಇದ್ದವು ಅಂತ ಈಗಲೇ ಪುಸ್ತಕದ ಹಿಂದೆ ಬರೆದಿಟ್ಟುಕೊಳ್ಳಿ.