ಬರವಣಿಗೆ ಭಾಷಾಪಂಡಿತರೊಬ್ಬರ ಹೊಣೆಯೇ?

(ನಮ್ಮ ವಾಚನಾಲಯದ ವಿದ್ಯಾರ್ಥಿ ಕೂಟದಲ್ಲಿ ಮಾಡಿದ ಭಾಷಣ)



ಈ ಸಂಜೆ ನಾವು ಎತ್ತಿಕೊಂಡಿರುವ ವಿಷಯವು ಮೇಲುನೋಟಕ್ಕೆ ಅಧ್ಯಾಪಕರಿಗೆ ಮಾತ್ರ ಸಂಬಂಧಿಸಿದ್ದೆಂದು ತೋರಬಹುದು. ಕಾಲೇಜಿನ ವಿದ್ಯಾರ್ಥಿಯು ರಸಾಯನಶಾಸ್ತ್ರವನ್ನೋ ಇತಿಹಾಸವನ್ನೋ ವಾಣಿಜ್ಯವನ್ನೋ ಕುರಿತು ಬರೆಯುವಾಗ ಅವನಿಗೆ ನೆರವಾಗಬೇಕಾದವರು ಯಾರು ಎಂಬುದೇ ಆ ವಿಷಯ. ಆದರೆ ಮನೆಯಲ್ಲಿ ಕನ್ನಡ ಇಲ್ಲವೆ ತುಳು, ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ತರಗತಿಯಲ್ಲಿ ಇಂಗ್ಲಿಷು, ಹೀಗೆ ನಾಲ್ಕು ಭಾಷೆಗಳ ನಡುವೆ ಬೆಳೆಯುವ ಮುಂಬಯಿಯ ನಮ್ಮ ಮಕ್ಕಳಿಗೆ ಇದು ಅನ್ನದ ಪ್ರಶ್ನೆಯೂ ಹೌದು, ಮಾನದ ಪ್ರಶ್ನೆಯೂ ಹೌದು. ವಿಷಯ ತಿಳಿದಿದ್ದೂ ಕಾಗದಕ್ಕೆ ಇಳಿಸಲಾರದ ಹುಡುಗನನ್ನು ಲೋಕವು ದಡ್ಡನೆಂದೇ ಎಣಿಸುತ್ತದೆ. ಕೊನೆಗೆ ಅವನೂ ಅದನ್ನೇ ನಂಬುತ್ತಾನೆ.

ವಿದ್ಯಾರ್ಥಿಯ ಬರಹ ಕೆಟ್ಟಿತೆಂದರೆ ಎಲ್ಲರೂ ಭಾಷೆಯ ಅಧ್ಯಾಪಕರ ಕಡೆಗೆ ಬೆರಳು ತೋರಿಸುತ್ತಾರೆ. ಇದು ಹೊಸ ಚಾಳಿಯಲ್ಲ. ಅಮೆರಿಕದ ಹಾರ್ವರ್ಡ್ ವಿದ್ಯಾಲಯವು 1874ರಲ್ಲಿ ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಪ್ರಬಂಧವನ್ನು ಸೇರಿಸಿತು. ಬಂದವರ ಬರಹವು ಸಾಲದೆಂದು ಕಂಡು, ಮುಂದೆ ಮೊದಲ ವರ್ಷದ ವಿದ್ಯಾರ್ಥಿಗಳಿಗೆಲ್ಲ ಪ್ರಬಂಧ ರಚನೆಯ ಪಾಠವನ್ನೇ ಕಡ್ಡಾಯ ಮಾಡಿತು. ಒಂದು ವರ್ಷ ಬರವಣಿಗೆ ಕಲಿಸಿದರಾಯಿತು, ಆಮೇಲೆ ಆ ಚಿಂತೆಯಿಲ್ಲ ಎಂಬ ಭಾವನೆ ಹೀಗೆ ಬೇರೂರಿತು. ನಮ್ಮ ಕಾಲೇಜುಗಳಲ್ಲಿಯೂ ಅದೇ ಭಾವನೆ ಇದೆ.

ಆದರೆ ವಿಷಯವನ್ನು ಬಿಟ್ಟು ಬರವಣಿಗೆಯೆಂಬುದು ಎಲ್ಲಿದೆ? ಒಂದೆರಡು ಉದಾಹರಣೆಗಳನ್ನು ನೋಡೋಣ.

ರಸಾಯನಶಾಸ್ತ್ರದ ವಿದ್ಯಾರ್ಥಿ ಒಂದು ಲವಣದ ದ್ರಾವಣಕ್ಕೆ ಸಿಲ್ವರ್ ನೈಟ್ರೇಟಿನ ಕೆಲವು ಹನಿಗಳನ್ನು ಹಾಕುತ್ತಾನೆ. ಒಡೆದ ಮೊಸರಿನಂಥ ಬಿಳಿಯ ಗಸಿ ಉಂಟಾಗುತ್ತದೆ. ಅವನು ತನ್ನ ಜರ್ನಲಿನಲ್ಲಿ ‘ಕ್ಲೋರೈಡ್ ಕಂಡಿತು’ ಎಂದು ಬರೆಯುತ್ತಾನೆ. ಈ ವಾಕ್ಯದಲ್ಲಿ ವ್ಯಾಕರಣದ ತಪ್ಪೇನೂ ಇಲ್ಲ. ಭಾಷಾಪಂಡಿತರು ಅದನ್ನು ಒಪ್ಪಿಬಿಟ್ಟಾರು. ಆದರೆ ಅವನು ಕಂಡದ್ದು ಬಿಳಿಯ ಗಸಿಯನ್ನು. ಕ್ಲೋರೈಡ್ ಇರಬಹುದೆಂಬುದು ಅವನ ಊಹೆ. ಆ ಗಸಿ ಅಮೋನಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿದಾಗ ಮಾತ್ರ ಊಹೆಗೆ ಬಲ ಬರುತ್ತದೆ. ಕಂಡದ್ದು ಒಂದು, ತಿಳಿದುಕೊಂಡದ್ದು ಇನ್ನೊಂದು. ಈ ಭೇದವನ್ನು ಬರೆಯಲು ಕಲಿತವನು ವಿಜ್ಞಾನದ ಅರ್ಧವನ್ನು ಕಲಿತಂತೆ. ಇದನ್ನು ಕಲಿಸಬಲ್ಲವರು ರಸಾಯನಶಾಸ್ತ್ರದ ಅಧ್ಯಾಪಕರೇ ಹೊರತು ಬೇರೆಯವರಲ್ಲ.

ಇತಿಹಾಸಕ್ಕೆ ಬರೋಣ. ‘1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಮುಂಬಯಿಯಲ್ಲಿ ಹತ್ತಿಯ ಬೆಲೆ ಏರಿತು. 1865ರಲ್ಲಿ ಯುದ್ಧ ಮುಗಿಯಿತು. ಮುಂಬಯಿಯಲ್ಲಿ ಷೇರುಗಳ ಬೆಲೆ ಕುಸಿಯಿತು.’ ನಾಲ್ಕು ವಾಕ್ಯಗಳೂ ನಿಜ. ಆದರೆ ನಾಲ್ಕೂ ಸೇರಿ ಇತಿಹಾಸವಾಗಿಲ್ಲ. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿತು. ಆದುದರಿಂದ ಲ್ಯಾಂಕಾಷೈರಿನ ಗಿರಣಿಗಳಿಗೆ ಅಮೆರಿಕದ ಹತ್ತಿ ದೊರೆಯದೆ ಅವು ಭಾರತದ ಕಡೆ ತಿರುಗಿದವು. ಆದುದರಿಂದ ಇಲ್ಲಿಗೆ ಹಣ ಹರಿದು ಬಂತು. ಆ ಹಣವು ಸಮುದ್ರ ತುಂಬಿಸುವ ಕಂಪನಿಗಳ ಷೇರುಗಳಿಗೆ ನುಗ್ಗಿತು. ಯುದ್ಧ ಮುಗಿದು ಹತ್ತಿಯ ಬೆಲೆ ಇಳಿದೊಡನೆ ಆ ಗೋಪುರ ಉರುಳಿತು. ‘ಆದುದರಿಂದ’ ಎಂಬ ಒಂದು ಪದವನ್ನು ಎಲ್ಲಿ ಇಡಬೇಕೆಂದು ಅರಿಯುವುದೇ ಇತಿಹಾಸದ ಅಭ್ಯಾಸ. ಗೈಡಿನ ಉತ್ತರವನ್ನು ಬಾಯಿಪಾಠ ಮಾಡಿದವನಿಗೆ ಅದು ಎಂದೂ ತಿಳಿಯುವುದಿಲ್ಲ.

ಈ ತಿಳಿವಳಿಕೆ ಬೇರೆ ಬೇರೆ ಕಾಲಗಳಲ್ಲಿ ಎರಡು ಸೆಂಟ್ರಲ್ ಕಾಲೇಜುಗಳಲ್ಲಿ ಮೂಡಿತೆಂಬುದು ಸ್ವಾರಸ್ಯದ ಸಂಗತಿ. ಒಂದು ನಮ್ಮ ಬೆಂಗಳೂರಿನದು. ಅಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಅದೇ ಮಹನೀಯರು ಮುಂದೆ ಪಂಪಭಾರತದ ಸಂಪಾದನೆಯಲ್ಲಿಯೂ ದುಡಿದರು. ಭೌತಶಾಸ್ತ್ರದವರಿಗೆ ಭಾಷೆಯ ಗೊಡವೆ ಏಕೆಂದು ಅವರು ಕೇಳಲಿಲ್ಲ. 1919ರಲ್ಲಿ ಆ ಕಾಲೇಜಿನ ಕರ್ಣಾಟಕ ಸಂಘವು ಎ. ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ‘ಪ್ರಬುದ್ಧ ಕರ್ಣಾಟಕ’ವನ್ನು ಆರಂಭಿಸಿತು.

ಇನ್ನೊಂದು ಅಮೆರಿಕದ ಅಯೋವಾ ಪ್ರಾಂತದ ಪೆಲ್ಲಾ ಎಂಬ ಸಣ್ಣ ಊರಿನದು. ಅಲ್ಲಿ 1969–70ರಲ್ಲಿ ಬಾರ್ಬರಾ ವಾಲ್ವೂರ್ಡ್ ಎಂಬ ಅಧ್ಯಾಪಕಿ ಬೇರೆ ಬೇರೆ ವಿಷಯಗಳ ಅಧ್ಯಾಪಕರನ್ನು ಒಟ್ಟಿಗೆ ಕುಳ್ಳಿರಿಸಿ, ವಿದ್ಯಾರ್ಥಿಗಳ ಬರಹಗಳನ್ನು ಕುರಿತು ಚರ್ಚಾಗೋಷ್ಠಿ ನಡೆಸಿದರು. ಎಲ್ಲ ವಿಷಯಗಳಲ್ಲಿಯೂ ಬರವಣಿಗೆಯೆಂಬ ಚಳವಳಿಯ ಆರಂಭದ ಹೆಜ್ಜೆಗಳಲ್ಲಿ ಇದನ್ನು ಎಣಿಸುತ್ತಾರೆ.

ಇಂಗ್ಲೆಂಡಿನಲ್ಲಿ ಜೇಮ್ಸ್ ಬ್ರಿಟನ್ ಮತ್ತು ಸಂಗಡಿಗರು ಶಾಲೆಯ ಎಲ್ಲ ವಿಷಯಗಳಿಂದ ಎರಡು ಸಾವಿರಕ್ಕೂ ಹೆಚ್ಚು ಬರಹಗಳನ್ನು ಕೂಡಿಸಿ ಪರಿಶೀಲಿಸಿದರು. 1975ರಲ್ಲಿ ಅವರ ಗ್ರಂಥ ಹೊರಬಂತು. ಆ ಬರಹಗಳಲ್ಲಿ ಸುಮಾರು ಅರ್ಧದಷ್ಟು ಪರೀಕ್ಷಕನನ್ನು ಎದುರಿಗಿಟ್ಟುಕೊಂಡು ಬರೆದವು! ತನಗೆ ತಾನೇ ವಿಷಯವನ್ನು ಬಿಡಿಸಿಕೊಳ್ಳಲು ಬರೆದದ್ದು ತೀರ ಸ್ವಲ್ಪ. ಅದೇ ವರ್ಷ ಅಲನ್ ಬುಲಕ್ ಅವರ ಅಧ್ಯಕ್ಷತೆಯ ಸರಕಾರಿ ಸಮಿತಿಯು, ಭಾಷೆಯ ಹೊಣೆ ಎಲ್ಲ ವಿಷಯಗಳ ಅಧ್ಯಾಪಕರದೂ ಹೌದೆಂದು ಸಾರಿತು. 1977ರಲ್ಲಿ ಜಾನೆಟ್ ಎಮಿಗ್ ಎಂಬ ವಿದುಷಿ, ಬರೆಯುವುದೇ ಕಲಿಯುವ ಒಂದು ದಾರಿಯೆಂದು ಪ್ರತಿಪಾದಿಸಿದರು.

ಇಷ್ಟು ಹೇಳಿದೊಡನೆ ಅಧ್ಯಾಪಕ ಮಿತ್ರರು ಕೇಳುವ ಪ್ರಶ್ನೆ ನಮಗೆ ಗೊತ್ತಿದೆ. ತರಗತಿಯಲ್ಲಿ ನೂರು ಮಂದಿ. ಪಾಠ ಮುಗಿಸುವುದೇ ಕಷ್ಟ. ನೂರು ಬರಹಗಳನ್ನು ತಿದ್ದುವವರು ಯಾರು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಬರೆಸಿದ್ದನ್ನೆಲ್ಲ ತಿದ್ದಲೇಬೇಕೆಂಬ ನಿಯಮವಿಲ್ಲ. ಪಾಠದ ಕೊನೆಯ ಐದು ನಿಮಿಷ, ‘ಇಂದು ತಿಳಿದದ್ದೇನು, ತಿಳಿಯದೆ ಉಳಿದದ್ದೇನು’ ಎಂದು ನಾಲ್ಕು ಸಾಲು ಬರೆಸಲಿ. ಅಂಕ ಬೇಡ. ಹತ್ತು ಚೀಟಿಗಳನ್ನು ಓದಿದರೂ ಮರುದಿನ ಎಲ್ಲಿಂದ ಆರಂಭಿಸಬೇಕೆಂದು ಗೊತ್ತಾಗುತ್ತದೆ. ದೊಡ್ಡ ಪ್ರಬಂಧವಾದರೆ ಮೊದಲು ಕರಡನ್ನು ತರಿಸಲಿ. ಪುಟವೆಲ್ಲ ಕೆಂಪು ಮಾಡುವ ಬದಲು ವಿಷಯದ ಬಗ್ಗೆ ಒಂದು, ಭಾಷೆಯ ಬಗ್ಗೆ ಒಂದು, ಎರಡೇ ಮಾತು ಬರೆಯಲಿ. ಇಪ್ಪತ್ತು ತಪ್ಪುಗಳನ್ನು ಒಮ್ಮೆಗೆ ತೋರಿಸಿದರೆ ಹುಡುಗನು ಒಂದನ್ನೂ ತಿದ್ದಿಕೊಳ್ಳುವುದಿಲ್ಲ, ಕಾಗದವನ್ನು ಮಡಿಸಿಡುತ್ತಾನೆ.

ಹಿರಿಯ ವಿದ್ಯಾರ್ಥಿಗಳ ನೆರವನ್ನೂ ಪಡೆಯಬಹುದು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ 1982ರಲ್ಲಿ ಇಂಥ ಏರ್ಪಾಡು ಆರಂಭವಾಯಿತು. ತರಬೇತಾದ ವಿದ್ಯಾರ್ಥಿಗಳು ತಮ್ಮ ಜೊತೆಯವರ ಕರಡನ್ನು ಓದಿ ಅಭಿಪ್ರಾಯ ಬರೆಯುತ್ತಾರೆ; ಬರೆದವರು ಅದನ್ನು ತಿದ್ದಿ ಬರೆದು, ಆಮೇಲೆ ಅಧ್ಯಾಪಕರಿಗೆ ಒಪ್ಪಿಸುತ್ತಾರೆ. ಓದುವವನು ಅಂಕ ಕೊಡುವವನಲ್ಲವಾದ್ದರಿಂದ ಬರೆದವನಿಗೆ ಅಂಜಿಕೆಯಿಲ್ಲ.

ಈಗ ಇನ್ನೊಂದು ಪ್ರಶ್ನೆ ಎದ್ದಿದೆ. ಕೇಳಿದೊಡನೆ ಪ್ರಬಂಧವನ್ನು ಹೊಸೆದು ಕೊಡುವ ಯಂತ್ರವು ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯ ಫೋನಿನಲ್ಲಿಯೇ ಬಂದು ಕುಳಿತಿದೆ. ಹಿಂದೆ ಸ್ನೇಹಿತನ ಜರ್ನಲನ್ನು ನಕಲು ಮಾಡುವಾಗ ಕೈಯಾದರೂ ನೋಯುತ್ತಿತ್ತು. ಈಗ ಅದೂ ಇಲ್ಲ. ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಸಿದ್ಧವಾದ ಉತ್ತರವನ್ನಷ್ಟೇ ಕೇಳುವ ಕಡೆ ಸಿದ್ಧವಾದ ಉತ್ತರವೇ ಬರುತ್ತದೆ. ಕರಡನ್ನು ಕೇಳಿ, ‘ಇದನ್ನು ಏಕೆ ಹೀಗೆ ಬರೆದೆ’ ಎಂದು ಎದುರಿಗೆ ಕುಳಿತು ವಿಚಾರಿಸುವ ಒಬ್ಬ ಓದುಗನಿದ್ದರೆ, ಹುಡುಗನು ತಾನೇ ಯೋಚಿಸಬೇಕಾಗುತ್ತದೆ.

ಅಂಥ ಓದುಗನನ್ನು ಒದಗಿಸುವುದು ಈ ವಾಚನಾಲಯದಿಂದ ಆಗಬಹುದಾದ ಕೆಲಸವೆಂದು ನಾವು ಸೂಚಿಸುತ್ತೇವೆ. ಇದಕ್ಕೆ ಹಣ ಬೇಕಿಲ್ಲ. ಭಾನುವಾರ ಬೆಳಿಗ್ಗೆ ಒಂದು ಮೇಜು, ನಾಲ್ಕು ಕುರ್ಚಿ ಸಾಕು. ನಮ್ಮಲ್ಲಿ ನಿವೃತ್ತ ಅಧ್ಯಾಪಕರಿದ್ದಾರೆ, ಬ್ಯಾಂಕಿನಲ್ಲಿ ದುಡಿದವರಿದ್ದಾರೆ, ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವವರಿದ್ದಾರೆ. ವಾಣಿಜ್ಯದವನ ಕರಡನ್ನು ಬ್ಯಾಂಕಿನವರು ಓದಲಿ, ವಿಜ್ಞಾನದವಳ ಜರ್ನಲನ್ನು ಪ್ರಯೋಗಶಾಲೆಯವರು ನೋಡಲಿ. ನಿಯಮ ಮೂರೇ: ವಿದ್ಯಾರ್ಥಿಯ ಬದಲಿಗೆ ನಾವು ಬರೆಯಕೂಡದು, ಮೊದಲು ವಿಷಯ, ಆಮೇಲೆ ವ್ಯಾಕರಣ, ‘ನೀನು ಹೇಳಬೇಕೆಂದದ್ದೇನು’ ಎಂದು ಕನ್ನಡದಲ್ಲಿಯೇ ಕೇಳಬೇಕು. ಅವನು ಮನೆಯ ಮಾತಿನಲ್ಲಿ ಬಿಡಿಸಿ ಹೇಳಲಿ, ಬೇಕಾದರೆ ಕನ್ನಡದಲ್ಲಿಯೇ ಮೊದಲ ಕರಡು ಬರೆಯಲಿ. ವಿಚಾರ ತಿಳಿಯಾದ ಮೇಲೆ ಇಂಗ್ಲಿಷಿನ ವಾಕ್ಯವನ್ನು ತಿದ್ದುವುದು ಸಣ್ಣ ಕೆಲಸ. ವಿಚಾರವೇ ಕಲಕಿದ್ದರೆ ಯಾವ ಭಾಷೆಯೂ ಅದನ್ನು ಕಾಪಾಡಲಾರದು.

ಈ ಊರಿನಲ್ಲಿ ಕನ್ನಡಕ್ಕೆ ಏನು ಉಪಯೋಗವೆಂದು ನಮ್ಮ ಮಕ್ಕಳು ಆಗಾಗ ಕೇಳುವುದುಂಟು. ತನಗೆ ತಿಳಿದದ್ದು ಎಷ್ಟು, ತಿಳಿಯದ್ದು ಎಷ್ಟು ಎಂದು ಮೊದಲು ತನ್ನ ಮಾತಿನಲ್ಲಿ ಅಳೆದು ನೋಡಿಕೊಂಡ ವಿದ್ಯಾರ್ಥಿ ಆ ಪ್ರಶ್ನೆಯನ್ನು ಮತ್ತೆ ಕೇಳಲಾರನೆಂದು ನಾವು ನಂಬಿದ್ದೇವೆ. ಬರುವ ಭಾನುವಾರವೇ ಮೇಜು ಹಾಕೋಣ, ಕರಡುಗಳನ್ನು ತನ್ನಿ.